ದವಡೆಯಿಂದ ಕೇಳುತ್ತಿದ್ದವರು

ಮಣಿಪಾಲದಲ್ಲಿ ಹಳೆಯ ವಾದ್ಯಗಳನ್ನು ಸಂಗ್ರಹಿಸುವ ಒಬ್ಬ ಪ್ರೊಫೆಸರ್ ಇದ್ದಾರೆ. ನನ್ನ ಹತ್ತಿರ ಅರುವತ್ತು ವರ್ಷ ದಾಟಿದ ಒಂದು ಗಿಟಾರ್ ಇದೆ ಎಂದು ಅವರ ಕಿವಿಗೆ ಯಾರು ಊದಿದರೋ ಗೊತ್ತಿಲ್ಲ. ಹೋದ ವಾರ ವಾಟ್ಸಾಪಿನಲ್ಲಿ ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದರು. ಕಂಡೀಶನ್ ಹೇಗಿದೆ? ಬಿರುಕು ಇದೆಯೇ? ತಂತಿ ಕಟ್ಟುವ ಬ್ರಿಜ್ಜಿನ ಹಿಂದೆ ಹೊಟ್ಟೆ ಉಬ್ಬಿದೆಯೇ? ಮೂಲದ ಪಾಲಿಶ್ ಉಳಿದಿದೆಯೇ? ಸ್ವರ ಹೇಗಿದೆ? ಹಿಂದೆ ರಿಪೇರಿ ಆಗಿದೆಯೇ, ಆಗಿದ್ದರೆ ಯಾರಿಂದ?

ಮೂವತ್ತು ವರ್ಷ ಕಾರ್ಕಳದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಪ್ರಶ್ನೆಪತ್ರಿಕೆ ಕೊಟ್ಟು ಅಭ್ಯಾಸವೇ ಹೊರತು ತೆಗೆದುಕೊಂಡು ಅಭ್ಯಾಸವಿಲ್ಲ. ಮೈಯೆಲ್ಲ ಉರಿಯಿತು. "ಮಾರುವುದಿಲ್ಲ" ಎಂದು ಒಂದೇ ಶಬ್ದ ಬರೆದು ಫೋನನ್ನು ಮಗುಚಿ ಇಟ್ಟೆ. ಆದರೆ ಕೊನೆಯ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾರಿಂದ ಎಂದರೆ ಏನು ಹೇಳಲಿ? ರಿಪೇರಿ ಮಾಡಿದವರು ತೀರಿಕೊಂಡು ಎರಡು ತಿಂಗಳಾಯಿತು.

ಅವರು ಕಾಪುವಿನವರು, ಮರದ ದೋಣಿ ಕಟ್ಟುತ್ತಿದ್ದ ಮೇಸ್ತ್ರಿ. ಊರಿಗೆ ಊರೇ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿತ್ತು, ನಾನೂ ಹಾಗೆಯೇ ಕರೆದೆ. ಇಲ್ಲಿ ಹೆಸರು ಬರೆದರೆ ಅವರ ಹೆಂಡತಿ ನನ್ನನ್ನು ಸುಮ್ಮನೆ ಬಿಡುವವರಲ್ಲ. "ಅವರನ್ನು ಪೇಪರಿಗೆ ಹಾಕಿದಿರಾ?" ಎಂದು ಕಟಪಾಡಿ ಜಂಕ್ಷನ್ನಿಗೆ ಕೇಳುವ ಹಾಗೆ ಕೇಳುತ್ತಾರೆ. ಹಾಗಾಗಿ ಮೇಸ್ತ್ರಿ ಎಂದಷ್ಟೇ ಇರಲಿ.

ಮೇಸ್ತ್ರಿ ನನ್ನ ಗಿಟಾರನ್ನು ರಿಪೇರಿ ಮಾಡಿದರು ಎಂದರೆ ಅರ್ಧ ಸತ್ಯ. ಮೊದಲು ಅವರು ಅದನ್ನು ಕೊಂದರು.

ಗಿಟಾರ್ ನನ್ನ ಸೋದರಮಾವನದು. ಮಾವ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ದಿನವೂ ಅಲ್ಲಿಗೆ ದೋಸೆ ತಿನ್ನಲು ಬರುತ್ತಿದ್ದ ಬ್ಯಾಂಡಿನವನೊಬ್ಬ ದೇಶ ಬಿಟ್ಟು ಹೋಗುವಾಗ ಇದನ್ನು ಮಾವನ ಕೈಯಲ್ಲಿ ಬಿಟ್ಟುಹೋದನಂತೆ. ಪ್ರತಿ ಮೇ ತಿಂಗಳಲ್ಲಿ ಮಾವ ಹಳೆಯ ಬೆಡ್‌ಶೀಟಿನಲ್ಲಿ ಅದನ್ನು ಸುತ್ತಿಕೊಂಡು ಬನ್ನಂಜೆಯ ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು ಬಾರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಗಿಟಾರಿನ ಬದಿಗೆ ಕೆನ್ನೆ ಆನಿಸಿಕೊಳ್ಳುತ್ತಿದ್ದೆ. ಆಗ ಸ್ವರ ಕಿವಿಯಿಂದ ಬರುತ್ತಿರಲಿಲ್ಲ, ಹಲ್ಲಿನಿಂದ ಇಳಿದು ಹೊಟ್ಟೆಗೆ ಹೋಗುತ್ತಿತ್ತು. ಮಾವ ಕೈ ನಿಲ್ಲಿಸಿದ ಮೇಲೂ ಒಳಗೆ ಅದು ಸ್ವಲ್ಪ ಹೊತ್ತು ಇರುತ್ತಿತ್ತು. "ಸಾಕು ಏಳು ಮಾರಾಯ್ತಿ, ನನ್ನ ಕೈ ಆಡಲಿಕ್ಕೆ ಜಾಗ ಇಲ್ಲ" ಎಂದು ಮಾವ ಮೊಣಕೈಯಿಂದ ನನ್ನನ್ನು ಮೆಲ್ಲನೆ ತಳ್ಳುತ್ತಿದ್ದರು. ನಾನು ಏಳುತ್ತಿರಲಿಲ್ಲ.

ಗಿಟಾರಿನ ಮೈಮೇಲೆ ಮಾವ ಪೂರ್ತಿ ಇದ್ದರು. ತಂತಿ ಬಿಗಿಯುವ ತಲೆಯ ತುದಿಯಲ್ಲಿ ಒಂದು ಸುಟ್ಟ ಕಲೆ ಇತ್ತು. ಬಾರಿಸುವಾಗ ಸಿಗರೇಟನ್ನು ಅಲ್ಲಿ ತಂತಿಯ ಸಂದಿಗೆ ಸಿಕ್ಕಿಸಿಟ್ಟು ಮರೆತುಬಿಡುತ್ತಿದ್ದರು. ನಡುವಿನ ಗುಂಡಿಯ ಕೆಳಗೆ ಅವರ ಬೆರಳು ತಾಗಿ ತಾಗಿ ಮರವೇ ತಗ್ಗಾಗಿತ್ತು. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟರು. ನನಗೆ ಬರುತ್ತಿದ್ದದ್ದು ಮಾವ ಕಲಿಸಿದ್ದ ಮೂರೇ ಮೂರು ಕಾರ್ಡ್, ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಮೂರು ಪಟ್ಟು. ಕಾರ್ಕಳದ ಮನೆಯ ಗೋಡೆಗೆ ತೂಗುಹಾಕಿ, ಹೋಗುವಾಗ ಬರುವಾಗ ಒಂದು ತಂತಿ ಎಳೆದು ನಾನು ಸಂತೋಷಪಡುತ್ತಿದ್ದೆ. ಮಾವನ ಸ್ವರ ಮನೆಯಲ್ಲಿದೆ ಎಂಬ ಧೈರ್ಯ ಅಷ್ಟೇ. ಐದು ಮಳೆಗಾಲ ಅದು ಗೋಡೆಯಲ್ಲೇ ಇತ್ತು. ಬೂಷ್ಟು ಹಿಡಿಯಿತು, ಒರೆಸಿದೆ. ಮತ್ತೆ ಹಿಡಿಯಿತು. ಒಂದು ಏಪ್ರಿಲಿನಲ್ಲಿ ಕೆಳಗಿಳಿಸಿ ನೋಡಿದರೆ ಮುಂದಿನ ಹಲಗೆಯಲ್ಲಿ ಉದ್ದಕ್ಕೆ ಬಿರುಕು, ಹೊಟ್ಟೆಯೂ ಉಬ್ಬಿದೆ! ನನ್ನ ಉದಾಸೀನಕ್ಕೆ ಎಷ್ಟು ಬೈದುಕೊಂಡರೂ ಸಾಲದು.

ಉಡುಪಿಯ ಅಂಗಡಿಯೊಂದರಲ್ಲಿ ತೋರಿಸಿದೆ. "ಗೋಡೆಗೇ ಚಂದ ಮೇಡಂ. ಬಾರಿಸ್ಲಿಕ್ಕೆ ಹೊಸದು ತೆಗೊಳ್ಳಿ" ಎಂದರು. ಸಿಟ್ಟಿನಲ್ಲಿ ಎದ್ದು ಬಂದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅಪ್ಪ ಮೀನುಗಾರ. ಅವರು ಹೇಳಿದರು, "ಮರದ ಬಿರುಕಾದರೆ ಕಾಪುವಿಗೆ ಹೋಗಿ ಟೀಚರ್. ಅಲ್ಲಿ ನಮ್ಮ ಮೇಸ್ತ್ರಿ ಇದ್ದಾರೆ. ಅವರು ಮುಚ್ಚಿದ ಬಿರುಕು ಮತ್ತೆ ಬಾಯಿ ಬಿಟ್ಟದ್ದು ನಾನು ನೋಡ್ಲಿಲ್ಲ." ಶಿರ್ವದ ಮೇಲಿಂದ ಬರುವ ಬಸ್ಸಿನಲ್ಲಿ ಕಟಪಾಡಿಗೆ ಇಳಿದು, ಇನ್ನೊಂದು ಬಸ್ಸು ಹತ್ತಿ, ಮಾವನ ಅದೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದೆ.

ಕಡಲ ಬದಿಯ ತೆಂಗಿನ ಗರಿಯ ಚಪ್ಪರ. ಅದರ ಕೆಳಗೆ ಅರ್ಧ ಆದ ಒಂದು ದೋಣಿ, ಆ ದೋಣಿಯ ಒಳಗೆ ಮೇಸ್ತ್ರಿ. ಸಣಕಲು ಮೈ, ಕಿವಿಯ ಮೇಲೆ ಪೆನ್ಸಿಲ್, ಎಡಗೈ ಹೆಬ್ಬೆರಳಿಗೆ ಉಗುರೇ ಇಲ್ಲ, ಬಾಯಿ ತುಂಬ ಎಲೆಅಡಿಕೆ. ಮೂರು ಸಲ ಕರೆದೆ, ತಿರುಗಿಯೂ ನೋಡಲಿಲ್ಲ. ಒಳ್ಳೆಯ ಗರ್ವ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಅವರ ಹೆಂಡತಿ ಬಂದರು. ವರ್ಷಗಟ್ಟಲೆ ಮೀನು ಮಾರ್ಕೆಟಿನಲ್ಲಿ ಕೂತು ವ್ಯಾಪಾರ ಮಾಡಿದ ಗಂಟಲು. ಅವರು ಒಂದು ಸಲ ಕರೆದದ್ದಕ್ಕೆ ಮೇಸ್ತ್ರಿ ದೋಣಿಯಿಂದ ತಲೆ ಎತ್ತಿದರು. ದೋಣಿಯ ಹೊಟ್ಟೆಯೊಳಗೆ ಕೂತು ಮೊಳೆ ಹೊಡೆದು ಹೊಡೆದು ಮೇಸ್ತ್ರಿಯ ಕಿವಿ ಮುಕ್ಕಾಲು ಹೋಗಿತ್ತು. ಉಳಿದ ಕಾಲು ಭಾಗಕ್ಕೆ ಹೆಂಡತಿಯ ಗಂಟಲು ಒಂದೇ ತಾಗುತ್ತಿದ್ದದ್ದು. ನಾನು ಅವರನ್ನು ಮೊದಲ ದಿನದಿಂದಲೇ ಅಕ್ಕ ಎಂದೆ. ಬೇರೆ ಏನು ಕರೆಯಲೂ ಧೈರ್ಯ ಬರಲಿಲ್ಲ.

ನಾನು ತುಳುವಿನಲ್ಲೇ ಮಾತು ತೆಗೆದೆ. ಅಕ್ಕ ಅದನ್ನು ಕೂಗಿ ದಾಟಿಸಿದರು. ಆದರೆ ನಾನು ಟೀಚರ್ ಎಂದು ಗೊತ್ತಾದದ್ದೇ ಮೇಸ್ತ್ರಿ ಕನ್ನಡಕ್ಕೆ ಹೊರಳಿದರು, ಕೊನೆಯವರೆಗೂ ಹೊರಳಿಯೇ ಇದ್ದರು. "ಟೀಚರ್ ಅಂದ ಮೇಲೆ ಕನ್ನಡ ಅಲ್ವಾ" ಎನ್ನುತ್ತಿದ್ದರು. ಗಂಡ ಕನ್ನಡ ಮಾತಾಡಿದರೆ ತಾನೇನು ಕಡಿಮೆ ಎಂದು ಅಕ್ಕನೂ ಕನ್ನಡವೇ.

ಗಿಟಾರನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಮಗುಚಿದರು. ಬೆರಳಗಂಟಿನಿಂದ ಕುಟ್ಟಿದರು, ಅಂಗೈಯಿಂದ ಸವರಿದರು, ಗುಂಡಿಗೆ ಮೂಗು ಹಾಕಿ ವಾಸನೆ ನೋಡಿದರು.

"ಒಳ್ಳೆಯ ಮರ. ನಮ್ಮ ಕಡೆಯದ್ದಲ್ಲ. ಬಿರುಕು ದೊಡ್ಡದುಂಟು. ನೀರು ಹೋಗ್ತದೆ" ಎಂದರು.

ಆಗಲೇ ನನಗೆ ಬೆಳಕಾಗಬೇಕಿತ್ತು. ಆಗಲಿಲ್ಲ. ಮರದ ಬಗ್ಗೆ ಅಷ್ಟು ಗೊತ್ತಿರುವವರು ಸಿಕ್ಕಿದರಲ್ಲ ಎಂಬ ಖುಷಿಯಲ್ಲಿ ತಲೆಯಾಡಿಸಿದೆ. "ಒಂದು ತಿಂಗಳು ಬಿಟ್ಟು ಬನ್ನಿ" ಎಂದರು.

ತಿಂಗಳ ನಂತರ ಹೋದಾಗ ಮೇಸ್ತ್ರಿ ಚಪ್ಪರದ ಬಾಗಿಲಲ್ಲೇ ಕಾದಿದ್ದರು. ಮುಖದಲ್ಲಿ ಮದುವೆಮನೆಯ ಕಳೆ. ಗಿಟಾರ್ ಬೆಂಚಿನ ಮೇಲಿತ್ತು, ಕಪ್ಪಗೆ, ಹೊಳೆಯುತ್ತ, ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಚೆಂಬು ನೀರು ತೆಗೆದುಕೊಂಡು ಅದರ ಮುಖದ ಮೇಲೆ ಸುರಿದುಬಿಟ್ಟರು!

"ನೋಡಿ ಟೀಚರ್. ಬಿರುಕಿನಲ್ಲಿ ಒಂದು ಹನಿ ಒಳಗೆ ಹೋಗ್ಲಿಕ್ಕಿಲ್ಲ. ಬೇಕಾದರೆ ಕಡಲಿಗೆ ಬಿಟ್ಟು ನೋಡುವ."

ದೋಣಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು. ಬಿರುಕಿಗೆ ಹತ್ತಿ ಮತ್ತು ರಾಳ ತುಂಬಿ, ಮಾವನ ಬೆರಳು ತಿಂದ ತಗ್ಗನ್ನೂ ಮೆತ್ತಿ ಸಮ ಮಾಡಿ, ಗುಂಡಿಯಿಂದ ಕುಂಚ ತೂರಿಸಿ ಒಳಗೂ, ಹೊರಗೂ ಎರಡೆರಡು ಸಲ ಗೇರುಬೀಜದ ಸಿಪ್ಪೆಯ ಎಣ್ಣೆ ಎಳೆದಿದ್ದರು. ದೋಣಿಯ ಮರಕ್ಕೆ ಹುಳ ಹಿಡಿಯದಂತೆ, ನೀರು ಕುಡಿಯದಂತೆ ಕಾಪಾಡುವ ಎಣ್ಣೆ ಅದು. ಒಣಗಿದ ಮೇಲೆ ಕಲ್ಲು.

ನಾನು ಒಂದು ತಂತಿ ಎಳೆದೆ. ಡಬ್. ಅಕ್ಕಿ ತುಂಬಿದ ಡಬ್ಬಿಗೆ ಬಡಿದ ಹಾಗೆ. ಇನ್ನೊಂದು ಎಳೆದೆ. ಡಬ್. ಮಾವನ ಸ್ವರ ಎಲ್ಲಿಯೂ ಇರಲಿಲ್ಲ. ಅದನ್ನು ಯಾರೂ ಟೇಪಿನಲ್ಲಿ ಹಿಡಿದಿರಲಿಲ್ಲ. ಇದ್ದದ್ದು ಆ ಮರದಲ್ಲಿ ಮಾತ್ರ, ಅದೂ ಹೋಯಿತು.

ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಓದಿದರೆ ಅವರಿಗೆ ಅಂದಾಜು ಇರುತ್ತದೆ. ಮೇಸ್ತ್ರಿ ನಗುಮುಖದಲ್ಲೇ ನನ್ನ ಬಾಯಿ ನೋಡುತ್ತಿದ್ದರು. ಹೊಗಳುತ್ತಿದ್ದೇನೆ ಎಂದುಕೊಂಡರೋ ಏನೋ. ನಗು ಮೆಲ್ಲಮೆಲ್ಲನೆ ಇಳಿಯಿತು. ಅಷ್ಟರಲ್ಲಿ ಅಕ್ಕ ನಡುವೆ ಬಂದು ನಿಂತರು.

"ಸಾಕು ಟೀಚರ್. ಇವರಿಗೆ ಕಿವಿ ಕೇಳುವುದಿಲ್ಲ ಅಂತ ನಿಮಗೆ ಮೊದಲ ದಿನವೇ ಗೊತ್ತಾಗಿತ್ತಾ ಇಲ್ವಾ? ಕೇಳದವರ ಕೈಗೆ ಬಾರಿಸುವ ಸಾಮಾನು ತಂದು ಕೊಟ್ಟದ್ದು ಯಾರು? ನಾನಾ?"

ಹೌದಲ್ಲ! ದೋಣಿಯವರ ಹತ್ತಿರ ಕೊಟ್ಟು ದೋಣಿ ಮಾಡಿದರು ಎಂದು ಬೊಬ್ಬೆ ಹಾಕುವವಳು ನಾನು. ಇದು ಬಾರಿಸುವಂಥದ್ದು, ಮರ ನಡುಗಬೇಕು ಎಂದು ಒಂದು ಮಾತು ಹೇಳಿದ್ದೆನೇ? ಐದು ಮಳೆಗಾಲ ಗೋಡೆಯಲ್ಲಿ ಕೊಳೆಯಲು ಬಿಟ್ಟದ್ದು ಯಾರು?

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. ಅಕ್ಕ ಗಿಟಾರನ್ನು ತೋರಿಸಿ, ಗಂಟಲು ಮುಟ್ಟಿ, ಕೈ ಅಲ್ಲಾಡಿಸಿದರು. ಸ್ವರ ಇಲ್ಲ ಎಂದು. ಮೇಸ್ತ್ರಿಗೆ ಅರ್ಥವಾಯಿತು. ಹೊರಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದು ಬಂದರು.

"ಇನ್ನೊಮ್ಮೆ ಎಳೆಯಿರಿ ಟೀಚರ್."

ಬಗ್ಗಿ, ಗಿಟಾರಿನ ಹೆಗಲಿನ ಅಂಚಿಗೆ ಎಡದವಡೆ ಇಟ್ಟು ಕಣ್ಣು ಮುಚ್ಚಿದರು. ದೋಣಿಯ ಇಂಜಿನ್ನಿನಲ್ಲಿ ದೋಷವಿದ್ದರೆ ಹಲಗೆಗೆ ದವಡೆ ಕೊಟ್ಟೇ ಅವರು ಹುಡುಕುತ್ತಿದ್ದದ್ದಂತೆ. ಕಿವಿ ಹೋದರೂ ಎಲುಬು ಉಂಟಲ್ಲ ಎನ್ನುತ್ತಿದ್ದರು. ನಾನು ತಂತಿ ಎಳೆದೆ. ಅವರು ತುಂಬ ಹೊತ್ತು ಏಳಲಿಲ್ಲ. ಬನ್ನಂಜೆಯ ಜಗಲಿಯಲ್ಲಿ ಕೆನ್ನೆ ಇಟ್ಟು ಕೂರುತ್ತಿದ್ದ ಹುಡುಗಿ ನೆನಪಾಗಿ ನನ್ನ ಸಿಟ್ಟೆಲ್ಲ ಇಳಿಯಿತು. ಈ ಮನುಷ್ಯ ಕೇಳುವ ರೀತಿ ನನಗೆ ಗೊತ್ತಿದ್ದದ್ದೇ.

"ಮೊದಲು ಹೇಗೆ ಇತ್ತು?" ಎಂದರು.

ಹೇಗೆ ಹೇಳುವುದು? "ಕೈ ನಿಲ್ಲಿಸಿದ ಮೇಲೂ ಒಳಗೆ ಸ್ವಲ್ಪ ಹೊತ್ತು ಇರ್ತಿತ್ತು" ಎಂದೆ. ಅಕ್ಕ ಕೂಗಿ ದಾಟಿಸಿದರು. ಮೇಸ್ತ್ರಿ ಯೋಚಿಸಿದರು.

"ದೋಣಿಯಿಂದ ಇಳಿದು ಮನೆಗೆ ಬಂದ ಮೇಲೂ ಕಾಲಲ್ಲಿ ಕಡಲು ತೂಗ್ತಾ ಇರ್ತದಲ್ಲ. ಹಾಗಾ?"

"ಹಾಗೆಯೇ" ಎಂದೆ.

"ಹಾಗಾದರೆ ಇದನ್ನು ಇಲ್ಲಿಯೇ ಬಿಟ್ಟು ಹೋಗಿ. ಆ ಸ್ವರ ವಾಪಸ್ ಬರುವವರೆಗೆ ನನಗೆ ಸಮಾಧಾನ ಇಲ್ಲ."

ಮರುವಾರವೇ ಮೇಸ್ತ್ರಿ ಮಣಿಪಾಲಕ್ಕೆ ಹೋದರು. ನನಗೆ ಇದನ್ನು ಹೇಳಿದ್ದು ಅಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು. ಜೀವ ಇರುವ ಗಿಟಾರ್ ಹೇಗಿರುತ್ತದೆ ಎಂದು ತಿಳಿಯದೆ ಸತ್ತದ್ದನ್ನು ಎಬ್ಬಿಸುವುದು ಹೇಗೆ? ಕಾಲೇಜಿನ ಮಕ್ಕಳು ಸಂಜೆ ಮೆಟ್ಟಿಲ ಮೇಲೆ ಕೂತು ಬಾರಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ ಮೇಸ್ತ್ರಿ, ಗುರುತಿಲ್ಲದ ಮಕ್ಕಳ ಎದುರು ನಿಂತು, "ನಿಮ್ಮ ಗಿಟಾರಿಗೆ ಒಮ್ಮೆ ದವಡೆ ಇಡ್ತೇನೆ, ಬೇಸರ ಮಾಡ್ಬೇಡಿ" ಎಂದರಂತೆ. ಆ ಮಕ್ಕಳಲ್ಲಿ ಅರ್ಧ ಜನಕ್ಕೆ ಕನ್ನಡವೇ ಬರುವುದಿಲ್ಲ. ಮುದುಕ ಗಿಟಾರನ್ನು ಕಚ್ಚಲು ಬಂದಿದ್ದಾನೆ ಎಂದು ಒಬ್ಬಳು ಎದ್ದು ಓಡಿದಳಂತೆ. ಕನ್ನಡ ಬರುವವನೊಬ್ಬ ಎಲ್ಲರಿಗೂ ತಿಳಿಸಿ ಹೇಳಿದ. ಆ ಸಂಜೆ ಮೇಸ್ತ್ರಿ ಆರು ಗಿಟಾರಿಗೆ ದವಡೆ ಇಟ್ಟು ಬಂದರು.

"ಒಳ್ಳೆಯ ಮಕ್ಕಳು ಟೀಚರ್" ಎಂದರು ನನಗೆ. "ಓಡಿದವಳು ಕೂಡ ವಾಪಸ್ ಬಂದಳು. ಅವಳದ್ದೇ ಎಲ್ಲಕ್ಕಿಂತ ಒಳ್ಳೆಯದಿದ್ದದ್ದು."

ಅದಾದ ಮೇಲೆ ಕೆಲಸ ಶುರುವಾಯಿತು. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು ಇಟ್ಟು, ಅಂಟು ಮೆತ್ತಗಾದಲ್ಲೆಲ್ಲ ಅಕ್ಕನ ತೆಳ್ಳಗಿನ ಮೀನು ಕತ್ತಿ ನುಗ್ಗಿಸಿ, ಎರಡು ದಿನದಲ್ಲಿ ಗಿಟಾರಿನ ಹಿಂದಿನ ಹಲಗೆಯನ್ನು ಬಿಡಿಸಿದರು. ಒಳಗೆ ನೋಡಿ ಸಣ್ಣ ಮಕ್ಕಳ ಹಾಗೆ ಕೂಗಿದರಂತೆ. "ಇದು ದೋಣಿಯೇ ಅಲ್ವಾ!" ತೆಳ್ಳಗಿನ ಹಲಗೆ, ಅದನ್ನು ಹಿಡಿದುಕೊಳ್ಳಲು ಅಡ್ಡಡ್ಡ ಪಕ್ಕೆಲುಬು. ಒಂದು ಪಕ್ಕೆಲುಬು ಮುರಿದಿತ್ತು. ಹೊಟ್ಟೆ ಉಬ್ಬಿದ್ದು ಅದರಿಂದ. ಹಳೆಯ ಹಲಸಿನ ತುಂಡಿನಿಂದ ಹೊಸದನ್ನು ಮಾಡಿ ಕೂರಿಸಿದರು. ಬಿರುಕಿನಿಂದ ರಾಳ, ಹತ್ತಿಯೆಲ್ಲ ಕೆದಕಿ ತೆಗೆದು, ಕೂದಲೆಳೆಯಷ್ಟು ಮರದ ಚೂರನ್ನು ಅಂಟಿಸಿದರು. ಅದು ಅವರ ಎಡಗೈ ಕೆಲಸ. ಕಷ್ಟ ಇದ್ದದ್ದು ಗೇರೆಣ್ಣೆಯದು.

ಒಡೆದ ಗಾಜಿನ ಚೂರಿನಿಂದ ಹೆರೆಯಬೇಕು. ಸ್ವಲ್ಪ ಹೆಚ್ಚಾದರೆ ಎಣ್ಣೆಯ ಜೊತೆ ಮರವೂ ಹೋಗುತ್ತದೆ, ಮುಂದಿನ ಹಲಗೆ ಇರುವುದೇ ಹಪ್ಪಳದಷ್ಟು ದಪ್ಪ. ದಿನಕ್ಕೆ ಒಂದು ಅಂಗೈ ಅಗಲ, ಅದಕ್ಕಿಂತ ಹೆಚ್ಚು ಇಲ್ಲ. ಫೈಬರ್ ದೋಣಿಗಳು ಬಂದ ಮೇಲೆ ಅವರ ಮರದ ಕೆಲಸ ಕಡಿಮೆಯಾಗಿತ್ತು, ಆದರೂ ಬಿಡುವು ಎಂದಲ್ಲ. ಹೆರೆದ ಧೂಳಿನಿಂದ ಮೊಣಕೈವರೆಗೆ ಚರ್ಮ ಸುಲಿಯಿತು. ಅಕ್ಕ ತೆಂಗಿನೆಣ್ಣೆ ಹಚ್ಚುತ್ತ ಬೈಯುತ್ತಿದ್ದರು. "ನನಗೆ ಸವತಿ ತಂದಿಟ್ಟಿರಿ ಟೀಚರ್. ನನ್ನ ಮುಖ ಇಷ್ಟು ಹೊತ್ತು ನೋಡಿದವರಲ್ಲ ಇವರು."

ನಾನು ಶನಿವಾರ ಶನಿವಾರ ಕಟಪಾಡಿ ಜಂಕ್ಷನ್ನಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಮೂವರೂ ಚಪ್ಪರದಲ್ಲಿ ಕೂತು ತಿನ್ನುತ್ತಿದ್ದೆವು. ಮೇಸ್ತ್ರಿಗೆ ಮಾತು ಕಡಿಮೆ. ಆದರೆ ದೋಣಿಯಾಗಲಿ ಬಾಗಿಲಾಗಲಿ ಬಸ್‌ಸ್ಟ್ಯಾಂಡಿನ ಬೆಂಚಾಗಲಿ, ಮರ ಕಂಡರೆ ಅಂಗೈ ಇಡದೆ ಮುಂದೆ ಹೋಗುತ್ತಿರಲಿಲ್ಲ. ಟೇಪು ಹಿಡಿಯುತ್ತಿರಲಿಲ್ಲ, ಗೇಣು ಮತ್ತು ಬೆರಳು. ಗಣಿತದವಳಾದ ನಾನು ಒಮ್ಮೆ ಸ್ಕೇಲು ಹಿಡಿದು ಪರೀಕ್ಷೆ ಮಾಡಿದೆ. ಕೂದಲಷ್ಟೂ ವ್ಯತ್ಯಾಸ ಬರಲಿಲ್ಲ. "ಪಾಸಾ?" ಎಂದು ಕೇಳಿದರು.

ಏಳು ತಿಂಗಳು ಹಿಡಿಯಿತು. ಒಳಗಿನ ಹೊರಗಿನ ಕಪ್ಪೆಲ್ಲ ಹೋಗಿ ಬೋಳು ಮರ ಬಂತು. ಮಾವನ ಬೆರಳಿನ ತಗ್ಗು ಮತ್ತೆ ಕಂಡಿತು. ಹಿಂದಿನ ಹಲಗೆ ಅಂಟಿಸಿ, ತಂತಿ ಬಿಗಿದು, ಮೇಸ್ತ್ರಿ ದವಡೆ ಇಟ್ಟರು. ನಾನು ಬಾರಿಸಿದೆ. ಡಬ್ ಎನ್ನುವುದು ಹೋಗಿತ್ತು. ಸ್ವರ ಬಂದಿತ್ತು, ಆದರೆ ಬಡಕಲು. ಎದ್ದ ಕೂಡಲೇ ಬಿದ್ದುಬಿಡುತ್ತಿತ್ತು. ಸುಲಿದ ಆ ಕೈಗಳನ್ನು ನೋಡಿ ನಾನು, "ಬಂತು ಮೇಸ್ತ್ರಿ, ಮೊದಲಿನ ಹಾಗೆಯೇ ಬಂತು" ಎಂದುಬಿಟ್ಟೆ.

ಅಕ್ಕ ಕೂಗಿ ದಾಟಿಸಿದರು. ಮೇಸ್ತ್ರಿ ದವಡೆ ತೆಗೆಯದೆ ಕಣ್ಣು ಮಾತ್ರ ತೆರೆದರು.

"ಇಲ್ಲ. ಟೀಚರ್ ಆಗಿ ಸುಳ್ಳು ಹೇಳ್ತೀರಲ್ಲ! ಕಾಲಲ್ಲಿ ಕಡಲು ಇಲ್ಲ ಇದರಲ್ಲಿ." ಆಮೇಲೆ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟರು. "ನನ್ನ ಕೆಲಸ ಮುಗಿಯಿತು. ಇನ್ನು ನಿಮ್ಮದು. ದಿನಕ್ಕೆ ಅರ್ಧ ಗಂಟೆ ಬಾರಿಸಿ. ದೋಣಿಯನ್ನು ನೀರಿಗೆ ಇಳಿಸಬೇಕು, ಚಪ್ಪರದಲ್ಲಿ ಇಟ್ಟರೆ ಅದಕ್ಕೆ ಕಡಲು ಹೇಗೆ ಗೊತ್ತಾಗುವುದು? ಮರ ನಡುಗಿ ನಡುಗಿ ಕಲಿಯಬೇಕು."

"ನನಗೆ ಬರುವುದೇ ಮೂರು ಕಾರ್ಡ್!"

ಅಕ್ಕ ದಾಟಿಸಿದರು. ಮೇಸ್ತ್ರಿ ಮೂರು ಬೆರಳು ಎತ್ತಿದರು. "ಮೂರು ಉಂಟಲ್ಲ."

ಹೀಗೆ ರಿಟೈರಾಗಲು ಎರಡು ವರ್ಷ ಇರುವಾಗ ನಾನು ಗಿಟಾರ್ ಕಲಿಯಲು ಕೂತೆ. ಯೂಟ್ಯೂಬಿನ ಎದುರು, ಕನ್ನಡಕ ಹಾಕಿ. ಬೆರಳ ತುದಿಯೆಲ್ಲ ಬೊಬ್ಬೆ ಬಂದು, ಬೋರ್ಡಿನಲ್ಲಿ ಬರೆಯಲು ಚಾಕ್ ಹಿಡಿದರೆ ಉರಿಯುತ್ತಿತ್ತು. ಪಕ್ಕದ ಮನೆಯವರು ಮೊದಮೊದಲು ಕಿಟಕಿ ಮುಚ್ಚುತ್ತಿದ್ದರು. ದಿನಾ ಬೆಳಿಗ್ಗೆ ಆರೂವರೆಯಿಂದ ಏಳು, ಒಂದು ದಿನ ತಪ್ಪಿಸಲಿಲ್ಲ. ಮೂರು ಕಾರ್ಡ್ ಐದಾಯಿತು, ಐದು ಎಂಟಾಯಿತು. ಎರಡು ಮೂರು ತಿಂಗಳಿಗೊಮ್ಮೆ ಕಾಪುವಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಮೇಸ್ತ್ರಿ ಅದೇ ಅಂಚಿಗೆ ದವಡೆ ಇಡುತ್ತಿದ್ದರು. "ಇಲ್ಲ." ಮತ್ತೆ ಹೋದರೆ, "ಇನ್ನೂ ಇಲ್ಲ. ಆದರೆ ಬಾಗಿಲ ಹತ್ತಿರ ಬಂದಿದೆ." ಆ ಜಾಗದಲ್ಲಿ ಮರ ನುಣ್ಣಗಾಗಿ, ಎಲೆಅಡಿಕೆಯ ಕೆಂಪು ಇಳಿದು ಒಂದು ಕಲೆ ಕೂತಿತು. ನಾನು ಒರೆಸಲು ಹೋಗಲಿಲ್ಲ.

ಈ ನಡುವೆ ಮಣಿಪಾಲದ ಆ ಮಕ್ಕಳು ಮೇಸ್ತ್ರಿಯನ್ನು ಹುಡುಕಿಕೊಂಡು ಬಂದಿದ್ದರು. ಮೊದಲು ಬಂದವಳು ಅಂದು ಎದ್ದು ಓಡಿದವಳೇ, ಕುತ್ತಿಗೆ ಮುರಿದ ಗಿಟಾರ್ ಹಿಡಿದುಕೊಂಡು. ಆಮೇಲೆ ಅವಳ ಗೆಳೆಯರು, ಗೆಳೆಯರ ಗೆಳೆಯರು. ಚಪ್ಪರದ ಅಡ್ಡಕ್ಕೆ ದೋಣಿಯ ಹಗ್ಗಗಳ ಜೊತೆ ಗಿಟಾರುಗಳೂ ತೂಗತೊಡಗಿದವು. ಯಾರೇ ತಂದರೂ ಮೇಸ್ತ್ರಿ ಕೈ ಹಾಕುವ ಮೊದಲು ಕೂರಿಸಿಕೊಂಡು ನನ್ನ ಗಿಟಾರಿನ ಕಥೆಯನ್ನು ಪೂರ್ತಿ ಹೇಳುತ್ತಿದ್ದರು. ಹತ್ತಿ, ರಾಳ, ಗೇರೆಣ್ಣೆ, ಕೊನೆಗೆ ಚೆಂಬಿನ ನೀರು, ಒಂದನ್ನೂ ಬಿಡುತ್ತಿರಲಿಲ್ಲ. "ನನಗೆ ಕಿವಿ ಕೇಳುವುದಿಲ್ಲ. ಟೀಚರ್ರ ಗಿಟಾರನ್ನು ಹಾಳು ಮಾಡಿದವ ನಾನು. ಇಷ್ಟು ಕೇಳಿದ ಮೇಲೂ ಕೊಡುವುದಾದರೆ ಕೊಡಿ." ಒಬ್ಬರೂ ವಾಪಸ್ ತೆಗೆದುಕೊಂಡು ಹೋಗಲಿಲ್ಲ ಎಂದು ಅಕ್ಕ ಹೇಳುತ್ತಾರೆ. ನನಗೆ ನಾಚಿಕೆಯಾಗಿ, "ಅದನ್ನೆಲ್ಲ ಯಾಕೆ ಹೇಳುವುದು ಮೇಸ್ತ್ರಿ" ಎಂದು ಒಮ್ಮೆ ಅಕ್ಕನ ಗಂಟಲಿನಿಂದ ಗದರಿಸಿದೆ. "ಮತ್ತೆ ಅವರು ಬೇರೆಯವರಿಂದ ಕೇಳಬೇಕಾ?" ಎಂದರು.

ಮೂರನೆಯ ವರ್ಷ, ಆಗ ನಾನು ರಿಟೈರಾಗಿದ್ದೆ, ಒಂದು ಬೆಳಿಗ್ಗೆ ಬಾರಿಸುತ್ತಿದ್ದವಳು ಹಾಲು ಉಕ್ಕಿತೇನೋ ಎಂದು ಥಟ್ಟನೆ ಕೈ ನಿಲ್ಲಿಸಿದೆ. ಸ್ವರ ನಿಲ್ಲಲಿಲ್ಲ. ಹೊಟ್ಟೆಗೆ ಆನಿಸಿದ್ದ ಹಲಗೆಯಲ್ಲಿ ಅದು ಇತ್ತು, ಇನ್ನೂ ಇತ್ತು, ಮೆಲ್ಲಗೆ ಇಳಿಯಿತು. ಹಾಲು ಉಕ್ಕಿದರೆ ಉಕ್ಕಲಿ ಎಂದು ಕೂತೇ ಇದ್ದೆ. ಕಣ್ಣಿನಲ್ಲಿ ನೀರು ಬಂತು. ಗ್ಯಾಸ್ ಆರಿಸಿ, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ.

ಮೇಸ್ತ್ರಿ ದೋಣಿ ಕಟ್ಟುವುದನ್ನು ನಿಲ್ಲಿಸಿ ಆಗ ಕೆಲವು ತಿಂಗಳಾಗಿತ್ತು. ಮೈಯಲ್ಲಿ ಶಕ್ತಿ ಇರಲಿಲ್ಲ, ಕಿವಿಯ ಕೊನೆಯ ಕಾಲು ಭಾಗವೂ ಹೋಗಿತ್ತು. ಅಕ್ಕನ ಗಂಟಲೂ ಈಗ ತಾಗುತ್ತಿರಲಿಲ್ಲ, ಎಲ್ಲ ಕೈಸನ್ನೆ. ನಾನು ಏನೂ ಹೇಳದೆ ಗಿಟಾರನ್ನು ಅವರ ಕಡೆಗೆ ಹಿಡಿದೆ. ಅವರು ಕೆಂಪು ಕಲೆಗೆ ದವಡೆ ಇಟ್ಟರು. ಬಾರಿಸಿದೆ, ನಿಲ್ಲಿಸಿದೆ. ಕಾದೆ. ಎಷ್ಟು ಹೊತ್ತೆಂದರೆ, ಮಲಗಿಬಿಟ್ಟರೋ ಎಂದು ನನಗೆ ಹೆದರಿಕೆಯಾಯಿತು.

"ಉಂಟು" ಎಂದರು.

ಅಷ್ಟೇ. ಮೂರು ವರ್ಷದ 'ಇಲ್ಲ'ಗಳ ಮೇಲೆ ಒಂದೇ ಒಂದು ಉಂಟು. ಆಮೇಲೆ ನೆಟ್ಟಗೆ ಕೂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ನಕ್ಕರು. "ಟೀಚರ್, ಆವತ್ತು ನೀವು ನನಗೆ ಎಂತೆಲ್ಲ ಬೈದಿರಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇವಳು ಹೇಳುವುದೇ ಇಲ್ಲ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಅದಾಗಿ ಎರಡು ವರ್ಷ ಮೇಸ್ತ್ರಿ ಇದ್ದರು. ಹೋದಾಗಲೆಲ್ಲ ದವಡೆ ಇಡುತ್ತಿದ್ದರು, ಪರೀಕ್ಷೆಗಲ್ಲ, ಸುಮ್ಮನೆ. ಅವರು ತೀರಿಕೊಂಡ ದಿನ ಮಣಿಪಾಲದ ಮಕ್ಕಳು ಬಂದಿದ್ದರು, ಅರ್ಧ ಜನಕ್ಕೆ ಈಗಲೂ ಕನ್ನಡ ಬರುವುದಿಲ್ಲ. ಉತ್ತರಕ್ರಿಯೆಯ ನಂತರ ನಾನು ಕಾಪುವಿಗೆ ಹೋಗಿರಲಿಲ್ಲ. ಮನಸ್ಸು ಬಂದಿರಲಿಲ್ಲ ಎಂದರೆ ಸರಿ. ಆ ಪ್ರೊಫೆಸರರ ಪಟ್ಟಿ ಬಂದ ಮೇಲೆ, ಮೊನ್ನೆ ಶನಿವಾರ, ಗೋಳಿಬಜೆ ಕಟ್ಟಿಸಿಕೊಂಡು ಹೊರಟೆ. ಗಿಟಾರನ್ನೂ ತೆಗೆದುಕೊಂಡೆ.

ಚಪ್ಪರದಲ್ಲಿ ಇನ್ನೂ ಎರಡು ಗಿಟಾರ್ ತೂಗುತ್ತಿದ್ದವು. ಅಂದು ಓಡಿದ್ದ ಹುಡುಗಿ ಈಗ ಓದು ಮುಗಿಸಿ ಮಣಿಪಾಲದಲ್ಲೇ ಕೆಲಸದಲ್ಲಿದ್ದಾಳೆ. ಭಾನುವಾರ ಬಂದು ಮೇಸ್ತ್ರಿ ಬಿಟ್ಟುಹೋದದ್ದನ್ನು ತಾನೇ ಮುಗಿಸುತ್ತಿದ್ದಾಳಂತೆ, ಅವರದೇ ಗಾಜಿನ ಚೂರು ಹಿಡಿದು. "ಬರುವವರಿಗೆಲ್ಲ ಅವಳು ಕೂಡ ಮೊದಲು ನಿಮ್ಮ ಕಥೆ ಹೇಳುವುದು" ಎಂದರು ಅಕ್ಕ. ಅವರ ಗಂಟಲು ತಗ್ಗಿಹೋಗಿತ್ತು. ಈಗ ಯಾರಿಗೆಂದು ಕೂಗುವುದು?

ಚಾ ಆಯಿತು. ಅಕ್ಕ ಬೆಡ್‌ಶೀಟಿನ ಗಂಟನ್ನು ನೋಡಿದರು.

"ತಂದಿದ್ದೀರಾ? ತೆಗೆಯಿರಿ."

ತೆಗೆದೆ. ಅವರು ಆ ಕೆಂಪು ಕಲೆಯನ್ನು ಕಂಡು ಸೆರಗಿನಿಂದ ಒರೆಸಲು ಹೋದರು. ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡರು. "ಇಷ್ಟು ವರ್ಷ ಇದರಲ್ಲಿ ಎಂತ ಉಂಟು ಇವರಿಗೆ ಅಂತ ನನಗೆ ಗೊತ್ತೇ ಆಗ್ಲಿಲ್ಲ" ಎಂದರು. "ನನಗೆ ಕಿವಿ ಕೇಳ್ತದಲ್ಲ, ಹಾಗೆ ದವಡೆ ಇಡುವ ಅಂತ ತೋಚಲೇ ಇಲ್ಲ. ಬಾರಿಸಿ ನೋಡುವ."

ಹೇಳುತ್ತಲೇ ಬಗ್ಗಿ, ಗಂಡ ಇಡುತ್ತಿದ್ದ ಜಾಗಕ್ಕೇ ದವಡೆ ಇಟ್ಟು ಕಣ್ಣು ಮುಚ್ಚಿದರು. ನಾನು ಮಾವ ಕಲಿಸಿದ ಮೂರು ಕಾರ್ಡ್ ಬಾರಿಸಿದೆ. ಕೈ ನಿಲ್ಲಿಸಿದೆ.

ಅಕ್ಕ ಏಳಲಿಲ್ಲ. ಸ್ವರ ಇಳಿದು ಇಳಿದು ಪೂರ್ತಿ ನಿಲ್ಲುವವರೆಗೆ ಹಾಗೆಯೇ ಇದ್ದರು.

"ಅಯ್ಯೋ ದೇವರೇ" ಎಂದರು ಕೊನೆಗೆ, ಮೆಲ್ಲಗೆ. "ಕಾಲಿನವರೆಗೆ ಬರ್ತದಲ್ಲ ಟೀಚರ್! ನಾನು ನಲುವತ್ತು ವರ್ಷ ಬೊಬ್ಬೆ ಹಾಕಿದೆ. ಇಷ್ಟು ಮೆಲ್ಲ ಹೇಳಿದರೂ ಇವರಿಗೆ ಕೇಳ್ತಿತ್ತಾ?"

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ದವಡೆಯನ್ನು ಇನ್ನಷ್ಟು ಒತ್ತಿ ಇಟ್ಟುಕೊಂಡು, ಕಣ್ಣು ತೆರೆಯದೆ, ಬಾರಿಸಿ ಎಂದು ಕೈಸನ್ನೆ ಮಾಡಿದರು.